ಮುಟ್ಟಬೇಡಿ ಎಂದು ಬರೆದು ಅಂಟಿಸುತ್ತಿದ್ದವಳು

ಆಯುಧಪೂಜೆಯ ದಿನ ನಿಮ್ಮ ಮನೆಯ ಫ್ರಿಜ್ಜಿಗೆ ಕುಂಕುಮ ಇಡುತ್ತೀರಲ್ಲ, ಆಗ ಪ್ಲಗ್ಗು ಕಿತ್ತು ಇಡುತ್ತೀರೋ, ಹಾಗೇ ಇಡುತ್ತೀರೋ? ನಿಜ ಹೇಳಿ. ನಾಚಿಕೆ ಏನಿಲ್ಲ, ಇಲ್ಲಿ ನಾವು ನಾವೇ ಇರುವುದು.

ನಾನು ಕೀಳುವುದಿಲ್ಲ. ಕಿತ್ತರೆ ಒಳಗಿರುವ ಹಾಲು ಕೆಡುತ್ತದೆ ಅನ್ನುವಷ್ಟು ಬುದ್ಧಿ ನನಗಿದೆ. ಆದರೆ ಹಾಲಿಗೆ ಸಿಗುವ ಮರ್ಯಾದೆ ಎಲ್ಲದಕ್ಕೂ ಸಿಗುವುದಿಲ್ಲ. ಈ ಮಾತು ಯಾಕೆ ಬಂತು ಅಂದರೆ, ಪೂಜೆಗೆಂದು ಯಾರೋ ಪ್ಲಗ್ಗು ಕಿತ್ತದ್ದರಿಂದ ಕೆಲಸ ಕಳೆದುಕೊಂಡ ಒಬ್ಬಳು ನನಗೆ ಗೊತ್ತಿದ್ದಳು. ಕಿತ್ತವರು ಬೇರೆ, ಕಳೆದುಕೊಂಡವಳು ಬೇರೆ. ಕಿತ್ತವರು ಚೆನ್ನಾಗಿದ್ದಾರೆ, ಈಗ ಸ್ವಲ್ಪ ಹೊಟ್ಟೆಯೂ ಬಂದಿದೆ. ಅವಳು ಹೋದ ತಿಂಗಳು ಹೊಣಕೆರೆಯ ತನ್ನ ಮನೆಯಲ್ಲಿ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ.

ಹೆಸರು ಬರೆಯುವುದಿಲ್ಲ. ಬರೆದರೆ ಬಯ್ಯುತ್ತಾಳೆ. ಸತ್ತವಳು ಹೇಗೆ ಬಯ್ಯುತ್ತಾಳೆ ಅಂತ ಕೇಳಬೇಡಿ, ನಿಮಗೆ ಅವಳು ಗೊತ್ತಿಲ್ಲ.

ಪಾಂಡವಪುರದಲ್ಲಿ ನಮ್ಮದೊಂದು ಹೆಂಗಸರ ಪತ್ತಿನ ಸಂಘ ಇದೆ. ಶ್ರೀರಂಗಪಟ್ಟಣ, ಕೆ.ಆರ್.ಪೇಟೆ, ನಾಗಮಂಗಲದಲ್ಲಿ ಒಂದೊಂದು ಶಾಖೆ. ಎಮ್ಮೆ ಕರೆದು ಕೈ ಒರೆಸಿಕೊಂಡು ಮೀಟಿಂಗಿಗೆ ಓಡುತ್ತಿದ್ದ ಕಾಲದಿಂದಲೂ ನಾನು ಅದರ ನಿರ್ದೇಶಕಿ. ಹೆಂಗಸರ ಸಂಘ ಅಂದೆನಲ್ಲ, ಕಾರ್ಯದರ್ಶಿ ಮಾತ್ರ ಗಂಡಸು. ಅದು ಹೇಗೆ ಅಂತ ಕೇಳಿದರೆ ಎಲ್ಲರೂ ಎಲೆ ಅಡಿಕೆ ಹುಡುಕುತ್ತಾರೆ. ಆ ಸಂಘಕ್ಕೆ ಕಂಪ್ಯೂಟರು ನೋಡಿಕೊಳ್ಳಲು ಬಂದವಳು ಅವಳು. ಆಗಲೇ ನಲವತ್ತು ದಾಟಿದ್ದ ಹೆಂಗಸು. ಸಣಕಲು ಮೈ, ಎಣ್ಣೆ ಕಾಣದ ಕೂದಲು, ಬಲಗೈಯಲ್ಲಿ ಗಂಡಸರ ಗಡಿಯಾರ.

ಬಂದ ದಿನ ನಾನು ಎಲ್ಲರನ್ನೂ ಕೇಳುವ ಹಾಗೆ ಅವಳನ್ನೂ ಕೇಳಿದೆ. "ಯಾರ್ ಮಗ್ಳವ್ವಾ ನೀನು?"

ತಲೆ ಎತ್ತಲೇ ಇಲ್ಲ. "ಯಾರ್ ಮಗ್ಳು ಅಂತ ಏಳುದ್ರೆ ಈ ಕಂಪ್ಯೂಟರು ಬಿರ್ರನೆ ಆನ್ ಆಯ್ತದಾ ಅಜ್ಜಿ?"

ಪಕ್ಕದಲ್ಲಿದ್ದವರು ಬಾಯಿಗೆ ಸೆರಗು ಹಿಡಿದರು. ನನಗೆ ಆ ಗಳಿಗೆಯಲ್ಲೇ ಅವಳು ಹಿಡಿಸಿಬಿಟ್ಟಳು. ಮೂರು ಜನ ಸೊಸೆಯಂದಿರ ಮಧ್ಯೆ ಬದುಕುವವಳು ನಾನು. ಬಾಯಿ ಜೋರಿರುವವರನ್ನು ಕಂಡರೆ ನನಗೆ ಮನೆಯಲ್ಲಿದ್ದಂತೆ ಅನಿಸುತ್ತದೆ.

ಆಮೇಲೆ ತಾನಾಗಿಯೇ ಗೊತ್ತಾಯಿತು. ಹೊಣಕೆರೆಯ ಅಕ್ಕಸಾಲಿಗರ ಮನೆಯವಳು. ಅಪ್ಪ ನಾಗಮಂಗಲದಲ್ಲಿ ಸಣ್ಣದೊಂದು ಅಂಗಡಿ ಇಟ್ಟು ಮೂಗುತಿ, ಓಲೆ ಮಾಡುತ್ತಿದ್ದವರು. ಮದುವೆ ಆಗಿರಲಿಲ್ಲ, ತಾಯಿ ಜೊತೆ ಇದ್ದಳು. ಅಪ್ಪ ಸತ್ತ ಮೇಲೆ ಅವರ ಚಿಮಟವೊಂದನ್ನು ತಂದು ಕಂಪ್ಯೂಟರಿನ ಸಣ್ಣ ಸ್ಕ್ರೂ ಹಿಡಿಯಲು ಇಟ್ಟುಕೊಂಡಿದ್ದಳು. ಸದಾ ಜಾಕೀಟಿನೊಳಗೆ ಸಿಕ್ಕಿಸಿಕೊಂಡಿರುತ್ತಿದ್ದಳು, ನಾವು ಪಿನ್ನು ಸಿಕ್ಕಿಸಿಕೊಂಡಂತೆ. ಏನಾದರೂ ಕೆಟ್ಟರೆ ಅವಳದು ಒಂದೇ ಮಾತು: "ಒಂದೇ ಸಲಕ್ಕೆ ಎಲ್ಡ್ ಕಡೆ ಮುಟ್ಟಬಾರ್ದು." ಒಂದನ್ನು ಬದಲಿಸಬೇಕು, ನೋಡಬೇಕು. ಆಗಲಿಲ್ಲವೋ, ಅದನ್ನು ಇದ್ದ ಹಾಗೇ ಇಟ್ಟು ಇನ್ನೊಂದನ್ನು ಮುಟ್ಟಬೇಕು. ಅವರಪ್ಪ ಬೆಸುಗೆ ಹಾಕುವಾಗ ಹಾಗೆ ಮಾಡುತ್ತಿದ್ದರಂತೆ. ನೋಡುತ್ತಾ ಕೂತವರಿಗೆ ಪ್ರಾಣ ಹೋಗುತ್ತಿತ್ತು, ಅಷ್ಟು ನಿಧಾನ.

ಇನ್ನು ಅವಳ ಚೀಟಿಗಳು. "ಮುಟ್ಟಬೇಡಿ" ಅಂತ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸುವುದು ಅವಳ ಚಟ. ಸ್ವಿಚ್ಚಿನ ಮೇಲೆ ಮುಟ್ಟಬೇಡಿ. ತಂತಿಯ ಮೇಲೆ ಮುಟ್ಟಬೇಡಿ. ಕಿಟಕಿಯ ಚಿಲಕ, ಅವಳ ಕುರ್ಚಿ, ಊಟದ ಡಬ್ಬಿ, ಎಲ್ಲದರ ಮೇಲೂ. ಒಂದು ಸಲ ನಾನು ಸುಮ್ಮನಿರಲಾರದೆ ಊಟದ ಡಬ್ಬಿಯ ಚೀಟಿಯ ಕೆಳಗೆ "ಉಪ್ಪಿಲ್ಲ" ಅಂತ ಬರೆದಿಟ್ಟೆ. ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಡಬ್ಬಿ ತಂದು ನನ್ನ ಮುಂದೆ ಮಡಗಿದಳು. "ತಿನ್ನು. ತಿಂದು ಏಳು, ಉಪ್ಪದೋ ಇಲ್ವೋ." ಹುರುಳಿ ಬಸ್ಸಾರು ಇತ್ತು. ಉಪ್ಪು ಹದವಾಗಿತ್ತು. ಅವತ್ತಿನಿಂದ ನಾವಿಬ್ಬರೂ ಜೊತೆಯಲ್ಲೇ ಉಣ್ಣುತ್ತಿದ್ದೆವು. ಆ ಊಟದ ಹೊತ್ತಿನಲ್ಲೇ ಫೋನಿನಲ್ಲಿ ಕನ್ನಡ ಟೈಪು ಮಾಡುವುದನ್ನು ನನಗೆ ಕಲಿಸಿದ್ದು. ಕಲಿಸಿದಳು ಅನ್ನುವುದಕ್ಕಿಂತ ಬಯ್ದಳು ಅನ್ನಬೇಕು.

ಒಂದು ಸಲ ಕೆ.ಆರ್.ಪೇಟೆ ಶಾಖೆ ನೋಡಲು ಹೋದವರು ಹಾಗೇ ಗೋವಿಂದನಹಳ್ಳಿಯ ದೇವಸ್ಥಾನಕ್ಕೂ ಹೋದೆವು. ಒಂದೇ ಸಾಲಿನಲ್ಲಿ ಐದು ಗುಡಿ, ಐದು ಲಿಂಗ. ನಾವೆಲ್ಲ ಒಂದೊಂದಕ್ಕೂ ಕೈ ಮುಗಿದು ಬರುತ್ತಿದ್ದರೆ ಅವಳು ಹೊರಗೆ ಕಂಬಕ್ಕೆ ಒರಗಿ ನಿಂತು ಹೇಳಿದಳು: "ಒಂದು ಮುಕ್ಕಾದ್ರೂ ಇನ್ನೂ ನಾಕವೆ. ಕಟ್ಟಿಸ್ದೋನ್ಗೆ ಬುದ್ಧಿ ಇತ್ತು ಕಣಜ್ಜಿ." ಪಾಪಿ, ದೇವರ ಎದುರು ಇದೇ ಮಾತಾ ಅಂತ ಬಯ್ದೆ. ಸಂಘದ ಕಂಪ್ಯೂಟರಿನಲ್ಲಿರುವುದನ್ನೆಲ್ಲ ವಾರಕ್ಕೊಮ್ಮೆ ಇನ್ನೊಂದು ಡಿಸ್ಕಿಗೆ ಇಳಿಸಿಕೊಂಡು ನಾಗಮಂಗಲ ಶಾಖೆಯ ಕಬ್ಬಿಣದ ಬೀರುವಿನಲ್ಲಿ ಇಡುತ್ತಿದ್ದಳು ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಹೇಳುವ ಅಭ್ಯಾಸವೇ ಅವಳಿಗಿರಲಿಲ್ಲ. ಬಯ್ಯುವುದಕ್ಕೆ ಬಾಯಿ ಇತ್ತು, ಹೇಳುವುದಕ್ಕೆ ಇರಲಿಲ್ಲ.

ಹೆಂಗಸರಿಗೆ ಬಸ್ಸು ಫ್ರೀ ಆದ ಹೊಸದರಲ್ಲಿ ಮೈಸೂರಿನಿಂದ ಫೈರ್‌ವಾಲ್ ಅನ್ನುವ ಡಬ್ಬ ತಂದಳು. ನಾನೂ ಜೊತೆಗೆ ಹೋಗಿದ್ದೆ. ಕಿಟಕಿ ಪಕ್ಕದ ಸೀಟಿನಲ್ಲಿ ಡಬ್ಬವನ್ನು ಕೂರಿಸಿ ತಾನು ಈಚೆ ಕೂತಳು. ಕಂಡಕ್ಟರು ಬಂದ.

"ಅದೇನಕ್ಕಾ ಅದು, ಸೀಟಲ್ಲಿ?"

"ಕಾವಲ್ಗಾರ. ನಂಗೆ ಫ್ರೀ, ಅವ್ನ್ಗೆ ಟಿಕೇಟ್ ಕೊಡು. ಗಂಡ್ಸು."

ಇಡೀ ಬಸ್ಸು ನಕ್ಕಿತು. ಅವಳು ಮಾತ್ರ ನಗಲಿಲ್ಲ, ಟಿಕೇಟು ತೆಗೆದುಕೊಂಡು ಡಬ್ಬದ ಮೇಲೆ ಸಿಕ್ಕಿಸಿದಳು. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ನಾನು ಕೇಳಿದೆ, ಇವನು ಕಾಯುವುದಾದರೂ ಏನನ್ನು ಅಂತ. ಹೊಳೆ ಕಡೆ ನೋಡುತ್ತಾ ಹೇಳಿದಳು:

"ನಿಮ್ಮೂರ್ ನೀರುಗಂಟಿ ಇಲ್ವಾ ಅಜ್ಜಿ? ನಾಲೇಲಿ ನೀರ್ ಬಂದಾಗ ಯಾರ್ ಗದ್ದೆ ತೂಬು ತಗೀಬೇಕು, ಯಾರ್ದು ಮುಚ್ಚಬೇಕು ಅಂತ ಅವ್ನ್ ತಲೇಲಿ ಇರ್ತದಲ್ವಾ? ಅಂಗೇ ಇವ್ನು. ಒಳಗೆ ಬರೋದ್ನೂ ಒರಗೆ ಓಗೋದ್ನೂ ನೋಡಿ ಬುಡ್ತಾನೆ. ಗುರ್ತು ಇಲ್ದಿದ್ರೆ ಬುಡಾಕಿಲ್ಲ."

"ಗುರ್ತು ಇಲ್ದೋರು ಒಳ್ಳೇರಾಗಿದ್ರೆ?"

"ಒಳ್ಳೇರು ಯಾಕ್ ಬಂದ್ವಿ ಅಂತ ಏಳ್ತಾರೆ. ಏಳುದ್ಮೇಲೆ ಬುಟ್ರಾಯ್ತು."

ಇಷ್ಟು ಚೆನ್ನಾಗಿ ನನಗೊಬ್ಬಳಿಗೆ ಹೇಳಿದಳು. ಇದನ್ನೇ ಮೀಟಿಂಗಿನಲ್ಲಿ ಹೇಳಿದ್ದರೆ ಎಷ್ಟೋ ಆಗುತ್ತಿತ್ತು. ಅಲ್ಲಿ ಅಧ್ಯಕ್ಷೆ ಏನಮ್ಮ ಇದು ಅಂತ ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ: "ಏಳುದ್ರೆ ನಿಮ್ಗೆ ಅರ್ಥ ಆಯ್ತದಾ?"

ಡಬ್ಬ ಕೂತ ಮೇಲೆ ಮೊದಲು ಮುಚ್ಚಿದ ತೂಬು ಕಾರ್ಯದರ್ಶಿಯದೇ. ಊಟ ಆದ ಮೇಲೆ ಅವನು ಆಫೀಸಿನ ಕಂಪ್ಯೂಟರಿನಲ್ಲಿ ಧಾರಾವಾಹಿ ನೋಡುತ್ತಿದ್ದ, ಕಾಲು ಮೇಜಿನ ಮೇಲಿಟ್ಟುಕೊಂಡು. ಒಂದು ಮಧ್ಯಾಹ್ನ ಅದು ಬರಲೇ ಇಲ್ಲ. ಕರೆದು ಕೇಳಿದ. "ನಿಮ್ ಫೋನಲ್ಲಿ ನೋಡ್ಕಳಿ ಸಾರ್, ಅದ್ರಲ್ಲೂ ಅತ್ತೆ ಸೊಸೆ ಜಗಳ ಆಡ್ತಾರೆ" ಅಂದಳು. ಗುಮಾಸ್ತೆಯರ ಎದುರಿಗೇ ಅಂದಳು. ಅವನು ನಕ್ಕ. ಅವನು ನಕ್ಕದ್ದನ್ನು ನಾನು ನೋಡಿದೆ. ಆ ನಗು ನನಗೆ ಹಿಡಿಸಲಿಲ್ಲ.

ಈಗ ಆ ಆಯುಧಪೂಜೆಗೆ ಬರುತ್ತೇನೆ.

ಹಬ್ಬದ ದಿನ ಆಫೀಸಿನಲ್ಲಿ ಕೆಲಸ ಇರುವುದಿಲ್ಲ, ಪೂಜೆ ಮಾತ್ರ. ಯಾರಿಗೂ ತೊಂದರೆ ಆಗಬಾರದು ಅಂತ ಅವಳು ಡಬ್ಬಕ್ಕೆ ಹೊಸ ಸಾಫ್ಟ್‌ವೇರು ಹಾಕಲು ಆ ದಿನವನ್ನೇ ಆರಿಸಿಕೊಂಡಿದ್ದಳು. ನಮ್ಮ ಲೈನು ಎತ್ತಿನ ಗಾಡಿ, ಇಳಿಯುವುದಕ್ಕೆ ಗಂಟೆಗಟ್ಟಲೆ ಬೇಕು. ಬೆಳಿಗ್ಗೆಯೇ ಶುರು ಮಾಡಿ, ಆ ತುದಿಯಲ್ಲಿ ಸರಿಯಾಗಿ ಬರುತ್ತದೋ ನೋಡಲು ನಾಗಮಂಗಲ ಶಾಖೆಗೆ ಹೊರಟಳು. ಹೊರಡುವ ಮುಂಚೆ ಕಾರ್ಯದರ್ಶಿಗೆ ಹೇಳಿದಳು, ನಾನೇ ಕೇಳಿಸಿಕೊಂಡೆ:

"ಮಧ್ಯಾನ್ದ ಮೇಲೆ ಅದ್ಕೆ ಪೂಜೆ ಮಾಡ್ಕಳಿ ಸಾರ್. ಅಲ್ಲೀಗಂಟ ಮುಟ್ಟಬ್ಯಾಡಿ. ಕೆಲ್ಸ ನಡೀತಾ ಅದೆ."

ಅವನು ಫೋನಿನಿಂದ ಕಣ್ಣು ಕೀಳದೆ "ಆಯ್ತಾಯ್ತು" ಅಂದ. ಅವಳು ಡಬ್ಬಕ್ಕೊಂದು ಚೀಟಿ ಅಂಟಿಸಿದಳು. ಮುಟ್ಟಬೇಡಿ. ಇಲ್ಲಿ ತಪ್ಪು ಅವಳದೂ ಇತ್ತು ಅಂತ ನಾನು ಹೇಳಿಯೇ ಹೇಳುತ್ತೇನೆ. ಊಟದ ಡಬ್ಬಿಗೂ ಕಿಟಕಿಯ ಚಿಲಕಕ್ಕೂ ಅದೇ ಚೀಟಿ ಅಂಟಿಸಿದವಳ ಮಾತನ್ನು ಅಂದು ಯಾರು ಓದುತ್ತಾರೆ? ನಮ್ಮ ಕಣ್ಣಿಗೆ ಅದು ಗೋಡೆಯ ಬಣ್ಣ ಆಗಿಹೋಗಿತ್ತು.

ಐನೋರು ಬೇಗ ಬಂದುಬಿಟ್ಟರು. ಅವರಿಗೆ ಇನ್ನೂ ಅಕ್ಕಿ ಗಿರಣಿ, ಪೆಟ್ರೋಲ್ ಬಂಕು ಬಾಕಿ ಇತ್ತು. ಮೇಜು, ಬೀರು, ಕಂಪ್ಯೂಟರು ಎಲ್ಲಕ್ಕೂ ವಿಭೂತಿ ಪಟ್ಟೆ ಎಳೆದು ಕುಂಕುಮ ಇಟ್ಟು ಆಯಿತು. ಕೊನೆಗೆ ಮೂಲೆಯಲ್ಲಿ ಮಿಣಮಿಣ ಅನ್ನುತ್ತಿದ್ದ ಡಬ್ಬ. ಪೂಜೆಯ ದಿನ ಆಯುಧಕ್ಕೆ ಬಿಡುವು ಕೊಡಬೇಕು, ಓಡುತ್ತಿರುವುದಕ್ಕೆ ಕುಂಕುಮ ಇಡಬಾರದು ಅನ್ನುವುದು ನಮ್ಮ ಕಡೆಯ ಪದ್ಧತಿ. ಟ್ರಾಕ್ಟರನ್ನೂ ಆರಿಸಿಯೇ ಹಾರ ಹಾಕುವುದು. ಕಾರ್ಯದರ್ಶಿ ಚೀಟಿ ಕಿತ್ತ, ವಿಭೂತಿಗೆ ಅದೇ ಸರಿಯಾದ ಜಾಗ ಅಂತ. ಆಮೇಲೆ ಪ್ಲಗ್ಗಿಗೆ ಕೈ ಹಾಕಿದ.

"ಏನ್ಲಾ, ಬ್ಯಾಡ ಅಂದಿದ್ಲಲ್ಲಾ. ಬಂದು ಬಯ್ತಾಳೆ ನೋಡು" ಅಂದೆ.

"ಸುಮ್ಕಿರಜ್ಜಿ. ವರ್ಸೆಲ್ಲಾ ಕಾಯ್ತದೆ. ಅದ್ಕೂ ವಸಿ ಬಿಡುವು ಬ್ಯಾಡ್ವಾ?"

ಕಿತ್ತ. ದೀಪ ಆರಿತು. ಮಂಗಳಾರತಿ ಆಯಿತು. ಸುತ್ತ ನಿಂತಿದ್ದ ನಿರ್ದೇಶಕಿಯರು, ಗುಮಾಸ್ತೆಯರು ಎಲ್ಲರೂ ನೋಡಿದರು. ಕಡಲೆಪುರಿ ಹಂಚಿ, ಪ್ಲಗ್ಗು ಮತ್ತೆ ಸಿಕ್ಕಿಸಿ ಮನೆಗೆ ಹೋದೆವು.

ನಾಗಮಂಗಲದಲ್ಲಿ ಅವಳು ಸಂಜೆಯವರೆಗೆ ಕಾದರೂ ಲೈನು ಬರಲಿಲ್ಲವಂತೆ, ಅಷ್ಟೊತ್ತಿಗೆ ಇಲ್ಲಿ ಆಫೀಸಿಗೆ ಬೀಗ ಬಿದ್ದಿತ್ತು. ಹಬ್ಬ ಮುಗಿದು ಆಫೀಸು ತೆರೆದಾಗ ಡಬ್ಬ ಎಲ್ಲಾ ತೂಬುಗಳನ್ನೂ ಮುಚ್ಚಿಕೊಂಡು ಕೂತಿತ್ತು. ದೀಪ ಉರಿಯುತ್ತಿದೆ, ಒಳಗಿನಿಂದ ಹೊರಗೆ ಏನೂ ಹೋಗುತ್ತಿಲ್ಲ, ಹೊರಗಿನಿಂದ ಒಳಗೆ ಏನೂ ಬರುತ್ತಿಲ್ಲ. ನಾಲ್ಕೂ ಊರಿನಲ್ಲಿ ಕೆಲಸ ನಿಂತಿತು. ನಾನು ಒಬ್ಬಟ್ಟು ಕಟ್ಟಿಕೊಂಡು ಹೋದಾಗ ಮಧ್ಯಾಹ್ನ. ಆಫೀಸಿನ ಹೊರಗೆ ಹೆಂಗಸರ ಸಂತೆ, ಒಳಗೆ ಇವಳು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದಾಳೆ. ಬೆಳಿಗ್ಗೆಯಿಂದ ತಂತಿ ಬದಲಿಸಿ ನೋಡಿದ್ದಾಳೆ. ಡಬ್ಬದ ಹಿಂದೆ ತನ್ನ ಲ್ಯಾಪ್‌ಟಾಪು ಸಿಕ್ಕಿಸಿ ನೋಡಿದ್ದಾಳೆ, ಲೈನು ಬರುತ್ತಿದೆ. ಮುಂದೆ ಸಿಕ್ಕಿಸಿದರೆ ಬರುತ್ತಿಲ್ಲ. ಹಾಗಾದರೆ ರೋಗ ಡಬ್ಬದ ಹೊಟ್ಟೆಯಲ್ಲೇ. ಹೊಸ ಸಾಫ್ಟ್‌ವೇರೇ ಸರಿಯಿಲ್ಲವೋ, ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಅನ್ನುವ ಹಳೆಯ ಕಟ್ಟಳೆಗಳು ಅದಕ್ಕೆ ಒಗ್ಗಲಿಲ್ಲವೋ ಅಂತ ಒಂದೊಂದೇ ಕಟ್ಟಳೆ ತೆಗೆದು, ನೋಡಿ, ಮತ್ತೆ ಹಾಕುತ್ತಿದ್ದಾಳೆ. ಕಂಪನಿಯವರಿಗೆ ಫೋನು ಮಾಡಿದರೆ ಅವರು ಕೇಳಿದ್ದು ಒಂದೇ: ಇಳಿಯುತ್ತಿರುವಾಗ ಕರೆಂಟು ಹೋಗಿತ್ತಾ?

ಅವಳು ಆಫೀಸಿನಲ್ಲಿ ಎಲ್ಲರನ್ನೂ ಕೇಳಿದ್ದಾಳೆ, ಕರೆಂಟು ಹೋಗಿತ್ತಾ ಅಂತ. ಇಲ್ಲ ಅಂದಿದ್ದಾರೆ. ಸುಳ್ಳಲ್ಲ. ಕರೆಂಟು ಹೋಗಿರಲಿಲ್ಲ.

"ಪೂಜೆ ವೊತ್ನಲ್ಲಿ ಪ್ಲಗ್ಗು ಕಿತ್ತಿದ್ರು ಕಣೆ, ಯಾರೂ ಏಳ್ನಿಲ್ವಾ?" ಅಂದೆ.

ಅವಳ ಕೈಯಲ್ಲಿ ಚಿಮಟ ಇತ್ತು. ಅದನ್ನು ಮೆಲ್ಲಗೆ ನೆಲದ ಮೇಲಿಟ್ಟಳು. ಗುಮಾಸ್ತೆಯರ ಕಡೆ ನೋಡಿದಳು. ಒಬ್ಬಳು ಬಳೆ ಸರಿ ಮಾಡಿಕೊಂಡಳು, ಒಬ್ಬಳು ನೀರು ಕುಡಿಯಲು ಎದ್ದಳು.

"ಬೆಳಗ್ಗಿಂದ ಎಲ್ರನ್ನೂ ಕೇಳ್ದೆ ಅಜ್ಜಿ" ಅಂದಳು. ಅಷ್ಟೇ.

ಅಷ್ಟರಲ್ಲಿ ಕಾರ್ಯದರ್ಶಿ ಒಳಗೆ ಬಂದ. ಪೂಜೆ ಮಾಡಿದ್ದೂ ತಪ್ಪಾ, ಪೂಜೆ ಅಂದರೆ ಆಗದವರು ಮೊದಲೇ ಹೇಳಬೇಕಿತ್ತು ಅಂತ ಜೋರು ಮಾಡಿದ. ಆಗ ಅವಳು ಎದ್ದು ನಿಂತಳು. ಅವಳ ದನಿ ಅಷ್ಟು ಸಣ್ಣದಾಗಿದ್ದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಪೂಜೆ ನಂಗೆ ಏಳ್ಕೊಡಬ್ಯಾಡಿ ಸಾರ್. ನಾವು ಆಯುಧ ಮಾಡೋ ಜನ. ನಮ್ಮಪ್ಪ ಆವತ್ತು ಸುತ್ತಿಗೆ ಮುಟ್ತಿರ್ನಿಲ್ಲ. ಆದ್ರೆ ಮೂಸೇಲಿ ಚಿನ್ನ ಅರ್ಧ ಕರಗಿರೋವಾಗ ಯಾವ ಅಕ್ಕಸಾಲಿನೂ ಒಲೆ ಆರಿಸಿ ಕುಂಕುಮ ಇಕ್ಕಾಕಿಲ್ಲ. ಅದು ಅಚ್ಚಿಗೆ ಇಳುದ್ಮೇಲೇನೇ ಮಂಗ್ಳಾರ್ತಿ."

ಅವನು ಫೋನು ಕಿವಿಗಿಟ್ಟುಕೊಂಡು ಹೊರಗೆ ನಡೆದ. ನಡೆದದ್ದನ್ನು ಹೊರಗಿದ್ದ ಹೆಂಗಸರೂ ನೋಡಿದರು. ಅವಳು ಗೆದ್ದಳು ಅಂತ ನಾನು ಖುಷಿಪಟ್ಟೆ. ನನ್ನ ಖುಷಿಗೆ ಬೆಂಕಿ ಬೀಳ.

ರೋಗ ಗೊತ್ತಾದ ಮೇಲೆ ಮದ್ದು ಅವಳಿಗೆ ಗೊತ್ತಿತ್ತು. ಡಬ್ಬದೊಳಗೇ ಒಂದು ಮೂಲೆಯಲ್ಲಿ ಹಳೆಯ ಸಾಫ್ಟ್‌ವೇರು ಹಾಗೇ ಇರುತ್ತದಂತೆ. ಅರ್ಧ ಹೊಸದನ್ನು ತಳ್ಳಿ, ಹಳೆಯದನ್ನು ಎಬ್ಬಿಸಿ, ಕಟ್ಟಳೆಗಳನ್ನು ಒಂದೊಂದೇ ಮತ್ತೆ ಕಲಿಸಬೇಕು. ಒಂದು ಕಲಿಸುವುದು, ಕೆ.ಆರ್.ಪೇಟೆಗೆ ಫೋನು ಮಾಡಿ "ಈಗ ಬಂತಾ?" ಅನ್ನುವುದು. ಇನ್ನೊಂದು ಕಲಿಸುವುದು, ಶ್ರೀರಂಗಪಟ್ಟಣಕ್ಕೆ ಕೇಳುವುದು. ನಾಳೆಯವರೆಗೆ ಬೇಕು ಅಂದಳು.

ಕಾರ್ಯದರ್ಶಿಗೆ ನಾಳೆ ಬೇಕಿರಲಿಲ್ಲ. ಪೇಟೆಯಿಂದ ಯಾರನ್ನೋ ಕರೆಸಿದ. ಬಂದವನು ಡಬ್ಬವನ್ನು ಬದಿಗೆ ಬಿಟ್ಟು, ಹೊರಗಿನ ಲೈನಿನಿಂದ ನೇರವಾಗಿ ಒಳಕ್ಕೆ ಒಂದು ನೀಲಿ ತಂತಿ ಎಳೆದ. ಕಾಫಿ ಆರುವುದರೊಳಗೆ ನಾಲ್ಕೂ ಊರಿನಲ್ಲಿ ಕಂಪ್ಯೂಟರು ಓಡಿದವು. ಹೊರಗೆ ಚಪ್ಪಾಳೆ. ಕಾರ್ಯದರ್ಶಿ ಬಾಗಿಲಲ್ಲಿ ನಿಂತು ಕೈ ಮುಗಿದ, ಚುನಾವಣೆ ಗೆದ್ದವನಂತೆ.

ಮಾರನೆಯ ದಿನ ಅವಳ ಡಬ್ಬ ಸಿದ್ಧವಾಯಿತು. ಈಗ ನೀಲಿ ತಂತಿ ತೆಗೆಯಬೇಕು ಅಂದಳು.

"ಓಡ್ತಿರೋ ಗಾಡಿನ ಯಾಕಮ್ಮಾ ನಿಲ್ಲಿಸ್ತೀಯಾ?"

"ಕಾವಲ್ಗಾರನ್ನ ಮುಂದ್ಗಡೆ ನಿಲ್ಸಿ ಇತ್ಲು ಬಾಗ್ಲು ತಗದಿದ್ದೀರಲ್ಲಾ ಸಾರ್. ಯಾರ್ ಬಂದ್ರೂ ಗೊತ್ತಾಗಾಕಿಲ್ಲ."

"ನಮ್ ಪಾಂಡವಪುರಕ್ಕೆ ಯಾರ್ ಬತ್ತಾರೆ ಬುಡು."

ಅವಳು ತಂತಿ ಕಿತ್ತಳು. ಅವನು ಸಿಕ್ಕಿಸಿದ. ಮತ್ತೆ ಕಿತ್ತಳು. ಇನ್ನೊಂದು ಸಲ ಮುಟ್ಟಿದರೆ ಮನೆಗೆ ಹೋಗಬೇಕಾಗುತ್ತದೆ ಅಂದ. ಅವತ್ತು ಅವಳು ನೀಲಿ ತಂತಿಗೊಂದು ಕೆಂಪು ದಾರ ಕಟ್ಟಿದಳು, ಚೀಟಿ ಅಂಟಿಸಲಿಲ್ಲ. ಆಫೀಸಿನಲ್ಲಿ ಅವಳು ಚೀಟಿ ಅಂಟಿಸದೆ ಬಿಟ್ಟದ್ದು ಅದೊಂದಕ್ಕೇ.

ದೀಪಾವಳಿ ಕಳೆದು ಕಾರ್ತೀಕದಲ್ಲಿ ಒಂದು ಬೆಳಿಗ್ಗೆ ಎಲ್ಲ ಪರದೆಗಳ ಮೇಲೂ ಕೆಂಪು ಅಕ್ಷರ. ಒಳಗಿದ್ದದ್ದಕ್ಕೆಲ್ಲ ಯಾರೋ ಕಳ್ಳರು ಬೀಗ ಹಾಕಿ, ದುಡ್ಡು ಕೊಟ್ಟರೆ ತೆಗೆಯುತ್ತೇವೆ ಅಂತ ಬರೆದಿದ್ದರು. ಯಾರ ಖಾತೆಯೂ ತೆರೆಯದು. ಅಧ್ಯಕ್ಷೆ ಅಳುತ್ತಾ ಕೂತಳು. ಕಾರ್ಯದರ್ಶಿಗೆ ಬೆವರು. ಇವಳು ನಾಗಮಂಗಲದ ಬಸ್ಸು ಹತ್ತಿ ಹೋಗಿ, ಬೀರುವಿನಿಂದ ಆ ಡಿಸ್ಕು ತಂದಳು. ಆಗ ನನಗೆ ಗೋವಿಂದನಹಳ್ಳಿಯ ಐದು ಲಿಂಗ ನೆನಪಾಯಿತು. ವಾರವೆಲ್ಲ ಕೂತು ಒಂದೊಂದೇ ಕಂಪ್ಯೂಟರು ತೊಳೆದು, ತುಂಬಿ, ನಿಲ್ಲಿಸಿದಳು. ನೀಲಿ ತಂತಿ ಕಿತ್ತು ಚರಂಡಿಗೆ ಎಸೆದಳು. ಈ ಸಲ ಯಾರೂ ತಡೆಯಲಿಲ್ಲ.

ಎಲ್ಲ ಸರಿಯಾದ ಮೇಲೆ ಮೀಟಿಂಗು ಕರೆದರು. ಸರಿಯಾಗುವ ಮುಂಚೆ ಕರೆಯಲಿಲ್ಲ, ಅಷ್ಟು ಜಾಣತನ ಇತ್ತು.

ಕಾರ್ಯದರ್ಶಿ ಕೇಳಿದ: "ಕಾವಲು ಯಾರ್ ಜವಾಬ್ದಾರಿ?"

"ನಂದು" ಅಂದಳು.

"ಮತ್ತೆ ಕಳ್ಳ ಎಂಗೆ ಬಂದ?"

ಇಲ್ಲಿ ಅವಳು ಸಮಾಧಾನವಾಗಿ ಎಲ್ಲ ಹೇಳಬಹುದಿತ್ತು. ಪೂಜೆ, ಪ್ಲಗ್ಗು, ನೀಲಿ ತಂತಿ, ಒಂದೊಂದೇ. ಯಂತ್ರದ ಮುಂದೆ ಅಷ್ಟು ತಾಳ್ಮೆ ಇದ್ದವಳಿಗೆ ಮನುಷ್ಯರ ಮುಂದೆ ಒಂದು ಚೂರೂ ಇರಲಿಲ್ಲ. ಮೇಜಿನ ಸುತ್ತ ಒಂದು ಸಲ ನೋಡಿ ಅಂದಳು: "ಬಾಗ್ಲು ತಗದೋರು ಇಲ್ಲೇ ಕುಂತವ್ರೆ. ಬಾಯಿದ್ದೋರು ಏಳ್ಲಿ."

ಬಾಯಿದ್ದವಳು ನಾನೊಬ್ಬಳೇ. ಹೇಳಿದೆ. "ಪ್ಲಗ್ಗು ಕಿತ್ತೋನು ಇವ್ನೇ ಕಣ್ರವ್ವಾ, ತಂತಿ ಎಳೆಸ್ದೋನೂ ಇವ್ನೇ. ಇವ್ನ್ ಜೇಬಲ್ಲಿ ಹುಡುಕಿ, ಕಳ್ಳನೂ ಸಿಗ್ತಾನೆ."

ಎಲ್ಲರೂ ನಕ್ಕರು. ಕಾರ್ಯದರ್ಶಿಯೂ ನಕ್ಕ. "ಅಜ್ಜಿಗೆ ಯಾವಾಗ್ಲೂ ತಮಾಸೆ" ಅಂದರು. ವರ್ಷಗಟ್ಟಲೆ ಆ ಮೇಜಿನ ಮುಂದೆ ಕೂತು ಅವರನ್ನು ನಗಿಸಿದ್ದೆ. ನಾನಿನ್ನೊಂದು ಸಲ ಹೇಳಿದೆ, ಮೇಜು ಗುದ್ದಿ ಹೇಳಿದೆ. ಅಧ್ಯಕ್ಷೆ ನನ್ನ ಕೈ ಹಿಡಿದುಕೊಂಡು "ಬಿಪಿ ಜಾಸ್ತಿ ಆಯ್ತದೆ ಕುಂತ್ಕಳಜ್ಜಿ" ಅಂದಳು. ಪೂಜೆಯ ದಿನ ಅಲ್ಲಿ ಆರತಿ ತಟ್ಟೆಗೆ ಕೈ ಒಡ್ಡಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿದೆ. ಎಲ್ಲರೂ ಮುಂದಿದ್ದ ಬಿಸ್ಕತ್ತಿನ ತಟ್ಟೆ ನೋಡುತ್ತಿದ್ದರು. ಅವರಿಗೆ ಅವಳ ಮೇಲೆ ದ್ವೇಷ ಇತ್ತು ಅಂತಲ್ಲ. ಒಬ್ಬೊಬ್ಬರಿಗೂ ಒಂದೊಂದು ಸಲ ಅವಳು ಮುಖಕ್ಕೆ ಹೊಡೆದಂತೆ ಮಾತಾಡಿದ್ದಳು. ಕಾರ್ಯದರ್ಶಿ ಒಬ್ಬೊಬ್ಬರ ಮನೆಯ ಮದುವೆಯಲ್ಲೂ ಬಡಿಸಲು ನಿಂತಿದ್ದ. ಲೆಕ್ಕ ಇಷ್ಟೇ.

ನಾಳೆಯಿಂದ ಬರುವುದು ಬೇಡ ಅಂದರು. ಅವಳು ಊಟದ ಡಬ್ಬಿ ತೆಗೆದುಕೊಂಡಳು, ಚಿಮಟ ಸಿಕ್ಕಿಸಿಕೊಂಡಳು. ಬಾಗಿಲಲ್ಲಿ ನಿಂತು ಏನೋ ಬಯ್ಯುತ್ತಾಳೆ ಅಂತ ಕಾದೆ. ಬಯ್ಯಲಿಲ್ಲ. ಹೊರಗೆ ಹೋಗುವಾಗ ಡಬ್ಬದ ದೀಪ ಒಂದು ಸಲ ನೋಡಿಕೊಂಡು ಹೋದಳು, ಹಸಿರಾಗಿದೆಯೋ ಇಲ್ಲವೋ ಅಂತ.

ಆಮೇಲೆ ನಾನು ಫೋನಿನಲ್ಲಿ "ಊಟ ಅಯ್ತ" ಅಂತ ಕಳಿಸಿದರೆ, "ಆಯ್ತಾ ಅಂತ ಬರಿ" ಅಂತ ಉತ್ತರ ಬರುತ್ತಿತ್ತು. ಊಟ ಆಯಿತೋ ಇಲ್ಲವೋ ಹೇಳುತ್ತಿರಲಿಲ್ಲ. ಬೇರೆ ಕಡೆ ಕೆಲಸ ಕೇಳಿದಳಂತೆ. ಹಿಂದೆ ಯಾಕೆ ಬಿಟ್ಟಿರಿ ಅಂತ ಎಲ್ಲ ಕಡೆ ಕೇಳುತ್ತಾರೆ. ನಾಲ್ಕು ತಾಲ್ಲೂಕಿನಲ್ಲೂ ಆ ಸುದ್ದಿ ಅವಳಿಗಿಂತ ಮುಂಚೆ ಬಸ್ಸು ಹತ್ತಿ ಹೋಗಿತ್ತು, ಕಾವಲಿಗಿಟ್ಟವಳೇ ಕಳ್ಳನನ್ನು ಬಿಟ್ಟಳು ಅಂತ. ನಾಗಮಂಗಲದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತಿದ್ದಳು ಅಂತ ಯಾರೋ ಹೇಳಿದರು.

ಹೋದ ತಿಂಗಳು ಸಂಘದ ವಾಟ್ಸಾಪಿನಲ್ಲಿ ಸುದ್ದಿ ಬಂತು. ಹಿಂದೆಯೇ ಹೂವಿನ ಚಿತ್ರ, ಕೈ ಮುಗಿದ ಚಿತ್ರ, ದೀಪದ ಚಿತ್ರ. ಕಾರ್ಯದರ್ಶಿ ಬರೆದಿದ್ದ: "ಸಂಘಕ್ಕೆ ಅವರು ಸಲ್ಲಿಸಿದ ಸೇವೆ ಅಪಾರ." ನಾನು ಒಂದು ಬೆರಳಿನಲ್ಲಿ ಟೈಪು ಮಾಡಿದೆ: "ಹಂಗಾದ್ರೆ ಯಾಕೆ ಕಳಿಸಿದೆ?" ಸ್ವಲ್ಪ ಹೊತ್ತಿಗೆ ಯಾರೋ ಇನ್ನೊಂದು ಹೂವು ಹಾಕಿದರು.

ಹನ್ನೊಂದನೆಯ ದಿನ ಕಳೆದ ಮೇಲೆ ಹೊಣಕೆರೆಗೆ ಹೋದೆ. ಚಿಕ್ಕ ಮನೆ. ಅವಳ ತಾಯಿ ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು, ಮಂಜಾದ ಕಣ್ಣು. ಪಕ್ಕದಲ್ಲಿ ಮಾತ್ರೆಗಳ ಡಬ್ಬಿ. ಅದರ ಮೇಲೂ ಚೀಟಿ, ಅದೇ ದಪ್ಪ ಅಕ್ಷರ. ಮುಟ್ಟಬೇಡಿ ಅಂತ ಇರಲಿಲ್ಲ. "ಅವ್ವಾ, ಉಂಡ ಮೇಲೆ ಮರೀದೆ ಮುಟ್ಟು" ಅಂತ ಇತ್ತು.

ನಾನು ಅಲ್ಲಿ ನಗಿಸುವ ಮಾತೇನೂ ಆಡಲಿಲ್ಲ. ಕೂತೆ. ಆ ತಾಯಿ ನನ್ನ ಕೈ ಸವರಿ ಯಾರು ಅಂತ ಕೇಳಿದರು. ಹೇಳಿದೆ. "ಓ, ಉಪ್ಪಿಲ್ಲ ಅಂತ ಬರ್ದಿದ್ರಂತಲ್ಲಾ, ಆ ಅಜ್ಜೀನಾ?" ಅಂದರು. ನನ್ನ ಬಗ್ಗೆ ಮನೆಯಲ್ಲಿ ಹೇಳಿದ್ದಳು, ನೋಡಿ. ನನಗೆ ಅಲ್ಲಿಯವರೆಗೆ ಅಳು ಬಂದಿರಲಿಲ್ಲ.

ಸಮಾಧಾನದ ಮಾತು ಏನಾದರೂ ಹೇಳಬೇಕಲ್ಲ. ಇದಕ್ಕಿಂತ ದೊಡ್ಡ ಸಮಾಧಾನ ಇಲ್ಲ ಅಂದುಕೊಂಡು ಹೇಳಿದೆ: "ನಿನ್ ಮಗ್ಳುದು ಏನೂ ತಪ್ಪಿರ್ನಿಲ್ಲ ಕಣವ್ವಾ. ಅದು ನಮ್ ಸಂಘದಲ್ಲಿ ಎಲ್ರಿಗೂ ಗೊತ್ತದೆ."

ಕೈ ಸವರುತ್ತಿದ್ದದ್ದು ನಿಂತಿತು.

"ಎಲ್ರಿಗೂ ಗೊತ್ತಿತ್ತಾ?" ಅಂದರು. "ಯಾರ್ಗೂ ಗೊತ್ತಿಲ್ಲ, ಅದ್ಕೇ ಇಂಗಾಯ್ತು ಅಂತ ಅನ್ಕಂಡಿದ್ದೆ ಕಣಕ್ಕಾ ನಾನು. ಅಷ್ಟೊಂದ್ ಜನಕ್ಕೆ ಗೊತ್ತಿದ್ಮೇಲೆ, ಕೆಲ್ಸ ಕಳ್ಕಂಡ್ ಬಂದ ದಿನ ಬಸ್ಸಿಂದ ಅವ್ಳೊಬ್ಳೇ ಯಾಕಿಳುದ್ಲು?"